ನೆಟ್ ಬೇಡದ ಗೇಮ್ ಹೇಳು ಮಾರಾಯ ಅಂದವರಿಗೆ

ಜೂನ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜ್. "ಯಾವುದಾದ್ರೂ ಒಳ್ಳೆ ಗೇಮ್ ಇದ್ರೆ ಹೇಳು ಮಾರಾಯ, ನೆಟ್ ಬೇಡದ್ದು." ಕೇಳುವವರಲ್ಲಿ ಕಾಲೇಜು ಹುಡುಗರು ಕಡಿಮೆ. ಅವರಿಗೆ ಅವರದ್ದೇ ಗ್ಯಾಂಗ್, ಅವರದ್ದೇ ಗನ್ನಿನ ಆಟ. ಕೇಳುವವರು ಬೇರೆ. ಕೊಡಗಿನ ನಾಪೋಕ್ಲು ಕಡೆ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ರೆಡ್ ಅಲರ್ಟ್ ಬಂದು ಬುಕಿಂಗ್ ಎಲ್ಲ ಕ್ಯಾನ್ಸಲ್ ಆಗಿ ಕೈಕಟ್ಟಿ ಕೂತ ಹೋಂಸ್ಟೇಯವರು, ರಿಟೈರ್ ಆಗಿ ಟಿವಿ ನೋಡಿ ನೋಡಿ ಸಾಕಾದವರು.

ಇವರಿಗೆ ನಾನು ದೊಡ್ಡ ಕಂಪನಿಗಳ ಗೇಮ್ ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಅವುಗಳಲ್ಲಿ ಎಷ್ಟೋ ಈಗ ನೂರು ಜಿಬಿ ದಾಟಿ ಕೂತಿವೆ. ನಮ್ಮ ಕಡೆ ಗಾಳಿಗೆ ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಕರೆಂಟ್ ಹೋಯ್ತು, ಆಮೇಲೆ ಟವರ್‌ನ ಬ್ಯಾಟರಿ ಇರುವಷ್ಟು ಹೊತ್ತು ನೆಟ್, ಆಮೇಲೆ ಅದೂ ಇಲ್ಲ. ನೂರು ಜಿಬಿ ಇಳಿದು ಮುಗಿಯುವ ಹೊತ್ತಿಗೆ ಕಾಫಿ ಹಣ್ಣಾಗಿರುತ್ತದೆ.

ಹಾಗಾಗಿ ಇಂಡೀ ಗೇಮ್. ಒಬ್ಬರೋ ನಾಲ್ಕು ಜನವೋ ಸೇರಿ, ದೊಡ್ಡ ಕಂಪನಿಯ ದುಡ್ಡಿಗೆ ಕಾಯದೆ ತಮಗೆ ಇಷ್ಟ ಬಂದ ಹಾಗೆ ಮಾಡಿದ ಆಟಗಳು. ಎಷ್ಟು ಚಿಕ್ಕದಿರಬಹುದು ಅಂದರೆ, 2024ರ ಮೇ ತಿಂಗಳಲ್ಲಿ 'ಅನಿಮಲ್ ವೆಲ್' ಅಂತ ಒಂದು ಬಂತು. ಬಿಲ್ಲಿ ಬಾಸ್ಸೊ ಅನ್ನುವವನು ಒಬ್ಬನೇ ಸುಮಾರು ಏಳು ವರ್ಷ ಕೂತು, ಎಂಜಿನ್ (ಆಟವನ್ನು ಓಡಿಸುವ ಮೂಲ ಸಾಫ್ಟ್‌ವೇರ್) ಕೂಡ ತಾನೇ ಬರೆದು ಮಾಡಿದ್ದು. ಬಿಡುಗಡೆಯಾದಾಗ ಅದರ ಸೈಜ್ ಸುಮಾರು 33 ಎಂಬಿ! ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿದ ವಿಡಿಯೋ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅಷ್ಟೇ. ಕತ್ತಲೆ ಗುಹೆ, ಒಂದು ಮುದ್ದೆಯಂಥ ಪುಟ್ಟ ಜೀವಿ, ಸುತ್ತ ವಿಚಿತ್ರ ಪ್ರಾಣಿಗಳು. ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ, ನೀವೇ ತಡಕಾಡಬೇಕು. ತಾಳ್ಮೆ ಇದ್ದರೆ ಮಾತ್ರ.

ಈ 'ತಾಳ್ಮೆ ಇದ್ದರೆ' ಅನ್ನುವುದರಲ್ಲೇ ಎಲ್ಲ ಇರುವುದು. ಯಾರಾದರೂ ಗೇಮ್ ಕೇಳಿದರೆ ಹತ್ತು ಹೆಸರಿನ ಪಟ್ಟಿ ಕೊಡುವವರನ್ನು ಕಂಡರೆ ನನಗಾಗುವುದಿಲ್ಲ. ಪಟ್ಟಿ ತಗೊಂಡವರು ಒಂದನ್ನೂ ಆಡುವುದಿಲ್ಲ, ಬರೆದಿಟ್ಟುಕೊಳ್ಳುತ್ತಾರೆ. ನಾನು ಕೇಳುವುದು ಇಷ್ಟೇ: ನಿಮ್ಮ ಹತ್ತಿರ ಇರುವುದು ಲ್ಯಾಪ್‌ಟಾಪೋ ಫೋನೋ, ಮತ್ತೆ ಇಡೀ ದಿನ ನೀವು ಏನು ಮಾಡುತ್ತೀರಿ? ಎರಡನೆಯದಕ್ಕೆ ಉತ್ತರ ಸಿಕ್ಕಿದರೆ ಒಂದೇ ಒಂದು ಗೇಮ್ ಹೇಳುತ್ತೇನೆ. ಹೆಚ್ಚಾಗಿ ಅದು ಹಿಡಿಸುತ್ತದೆ.

ಯಾರು ಏನೆಂದು ಗೊತ್ತಿಲ್ಲದಿದ್ದಾಗ ಕೊಡುವುದು 'ಎ ಶಾರ್ಟ್ ಹೈಕ್'. ಕೊಡಗಿನವರಿಗೆ ಇದನ್ನು ವಿವರಿಸುವುದೇ ಬೇಡ ಅನ್ನಿಸುತ್ತದೆ. ಕ್ಲೇರ್ ಅಂತ ಒಂದು ಹಕ್ಕಿ. ಪಾರ್ಕ್ ರೇಂಜರ್ ಆಗಿರುವ ಮೇ ಆಂಟಿಯ ಮನೆಗೆ ಬಂದಿದ್ದಾಳೆ. ಅವಳಿಗೊಂದು ಮುಖ್ಯವಾದ ಫೋನ್ ಬರಬೇಕು, ಆದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಸಿಗ್ನಲ್ ಬೇಕಾದರೆ ಬೆಟ್ಟದ ತುದಿಗೇ ಹತ್ತಬೇಕು. ಇಷ್ಟೇ ಕತೆ. ಅಲ್ಲ, ಇದು ನಮ್ಮದೇ ಅಲ್ವಾ? ಪ್ರತಿ ಊರಲ್ಲೂ ಒಂದು ತಿರುವು, ಒಂದು ಬಂಡೆ, ಒಂದು ಮೋರಿ ಇರುತ್ತದೆ, ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್. ಕೊರೊನಾ ಹೊತ್ತಲ್ಲಿ ಮಕ್ಕಳು ಕೊಡೆ ಹಿಡಿದುಕೊಂಡು ಗುಡ್ಡ ಹತ್ತಿ ಆನ್‌ಲೈನ್ ಕ್ಲಾಸ್ ಕೇಳಿದ್ದನ್ನು ನೋಡಿದವರು ನಾವು.

ಆಟದ ಚೆಂದ ಇರುವುದು ತುದಿಯಲ್ಲಲ್ಲ, ದಾರಿ ತಪ್ಪುವುದರಲ್ಲಿ. ಹತ್ತಲು ಚಿನ್ನದ ಗರಿ ಬೇಕು. ಒಂದೊಂದು ಗರಿ ಸಿಕ್ಕ ಹಾಗೆ ಇನ್ನಷ್ಟು ಎತ್ತರ ಹಾರಬಹುದು, ಇನ್ನಷ್ಟು ಹೊತ್ತು ಬಂಡೆ ಹಿಡಿದುಕೊಂಡಿರಬಹುದು. ಗರಿ ಹುಡುಕಿಕೊಂಡು ಹೊರಟವರು ಮೀನು ಹಿಡಿಯುತ್ತಾ ಕೂರುತ್ತಾರೆ, ಯಾರದೋ ಕಳೆದುಹೋದ ಸಾಮಾನು ಹುಡುಕಿಕೊಡುತ್ತಾರೆ, ದಡದಲ್ಲಿ ಚೆಂಡಾಟಕ್ಕೆ ನಿಂತು ಬೆಟ್ಟವನ್ನೇ ಮರೆತುಬಿಡುತ್ತಾರೆ. ಮೇಲೆ ಹೋದ ಹಾಗೆ ಚಳಿಗೆ ಗರಿ ಹೆಪ್ಪುಗಟ್ಟುತ್ತದೆ, ಆಗ ಸ್ವಲ್ಪ ಒದ್ದಾಟ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆಡಮ್ ರಾಬಿನ್ಸನ್-ಯು ಅನ್ನುವ ಕೆನಡಾದವನು 2019ರಲ್ಲಿ ಮಾಡಿದ್ದು. ಮಾರನೇ ವರ್ಷ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ದೊಡ್ಡ ಪ್ರಶಸ್ತಿಯೂ ಬಂತು. ತುದಿಯಲ್ಲಿ ಫೋನ್ ಬಂದಾಗ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಇನ್ನು ನಮ್ಮ ದೊಡ್ಡಪ್ಪ. ಸೈನ್ಯದಲ್ಲಿದ್ದು ರಿಟೈರ್ ಆದವರು. ಇಂಥ ದೊಡ್ಡಪ್ಪಂದಿರು ನಮ್ಮಲ್ಲಿ ಮನೆಗೊಬ್ಬರು ಇದ್ದೇ ಇರುತ್ತಾರೆ. "ಈ ವಿಡಿಯೋ ಗೇಮ್ ಎಲ್ಲ ಮಕ್ಕಳದ್ದು" ಅಂತಿದ್ದವರ ಮುಂದೆ 'ಪೇಪರ್ಸ್, ಪ್ಲೀಸ್' ಹಾಕಿಕೊಟ್ಟೆ. 1982ನೇ ಇಸವಿ, ಆರ್ಸ್ಟೋಟ್ಸ್ಕಾ ಅನ್ನುವ ಕಲ್ಪನೆಯ ದೇಶದ ಗಡಿ, ನೀವು ಚೆಕ್‌ಪೋಸ್ಟಿನ ಇನ್‌ಸ್ಪೆಕ್ಟರ್. ಕ್ಯೂನಲ್ಲಿ ಒಬ್ಬೊಬ್ಬರೇ ಬರುತ್ತಾರೆ. ಪಾಸ್‌ಪೋರ್ಟ್ ತಗೊಂಡು ಫೋಟೋ ನೋಡಬೇಕು, ತಾರೀಖು ನೋಡಬೇಕು, ಕೊಟ್ಟ ಊರಿನ ಹೆಸರು ರೂಲ್ ಬುಕ್‌ನಲ್ಲಿ ಇದೆಯಾ ನೋಡಬೇಕು, ಆಮೇಲೆ ಹಸಿರು ಇಲ್ಲವೇ ಕೆಂಪು ಸೀಲ್. ಸಂಜೆ ಸಂಬಳದಲ್ಲಿ ಮನೆ ಬಾಡಿಗೆ, ಊಟ, ಚಳಿ ಕಾಯಿಸುವ ಖರ್ಚು ಹೊಂದಿಸಬೇಕು.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಕೂತರು. "ಇವಂದು ಡೇಟ್ ಮುಗಿದಿದೆ. ವಾಪಸ್." "ಇವಳು ಸುಳ್ಳು ಹೇಳ್ತಾಳೆ ನೋಡು, ಪೇಪರ್‌ನಲ್ಲಿ ಬೇರೆ ಉಂಟು." ಒಬ್ಬ ಮುದುಕ ಕೈಯಲ್ಲಿ ಬಿಡಿಸಿದ ಪಾಸ್‌ಪೋರ್ಟ್ ತಂದು 'ಕೋಬ್ರಾಸ್ತಾನ್' ದೇಶದವನು ಅಂತ ಹೇಳುತ್ತಾನೆ, ಆ ಚಿತ್ರ ನೋಡಿ ದೊಡ್ಡಪ್ಪ ನಕ್ಕಿದ್ದು ಅಡುಗೆ ಮನೆಗೆ ಕೇಳಿತು. ಆಮೇಲೆ ಒಬ್ಬ ಗಂಡ ಬಂದ, ಪೇಪರ್ ಸರಿ ಇತ್ತು, ಒಳಗೆ ಬಿಟ್ಟರು. ಹಿಂದೆಯೇ ಅವನ ಹೆಂಡತಿ. ಅವಳ ಹತ್ತಿರ ಪರ್ಮಿಟ್ ಇಲ್ಲ. ವಾಪಸ್ ಕಳಿಸಿದರೆ ಕೊಂದುಬಿಡುತ್ತಾರೆ ಅಂತಾಳೆ. ದೊಡ್ಡಪ್ಪ ತುಂಬಾ ಹೊತ್ತು ಸುಮ್ಮನೆ ಕೂತರು. ಮೌಸ್ ಅಲುಗಾಡಲಿಲ್ಲ.

"ಬಿಟ್ರೆ ಏನಾಗ್ತದೆ?"

"ದಿನಕ್ಕೆ ಎರಡು ತಪ್ಪಿಗೆ ಬರೀ ವಾರ್ನಿಂಗ್. ನಿಮ್ಮದು ಇವತ್ತಿಗೆ ಎರಡೂ ಮುಗೀತು. ಇನ್ನು ಫೈನ್."

"ಎಷ್ಟು?"

"ಐದು."

ಹಸಿರು ಸೀಲ್ ಒತ್ತಿದರು. "ಐದು ತಾನೇ" ಅಂದರು. ಲೂಕಸ್ ಪೋಪ್ ಒಬ್ಬನೇ 2013ರಲ್ಲಿ ಮಾಡಿದ ಆಟ ಇದು. ಒಂದು ಎಚ್ಚರಿಕೆ: ಮುಂದೆ ಹೋದ ಮೇಲೆ ಬಟ್ಟೆಯೊಳಗೆ ಸ್ಕ್ಯಾನ್ ಮಾಡುವ ಸನ್ನಿವೇಶ ಬರುತ್ತದೆ. ಶುರುವಿನಲ್ಲೇ ಸೆಟ್ಟಿಂಗ್‌ನಲ್ಲಿ ನಗ್ನತೆ ಆಫ್ ಮಾಡಿ, ಆಮೇಲೆ ದೊಡ್ಡವರ ಕೈಗೆ ಕೊಡಿ. ಇಲ್ಲದಿದ್ದರೆ ಎದ್ದು ಹೋಗಬೇಕಾದವರು ನೀವು.

'ಸ್ಟಾರ್‌ಡ್ಯೂ ವ್ಯಾಲಿ' ಬಗ್ಗೆ ಎಲ್ಲರಿಗೂ ಗೊತ್ತು. ಎರಿಕ್ ಬರೋನ್ ಒಬ್ಬನೇ ನಾಲ್ಕೂವರೆ ವರ್ಷ ಚಿತ್ರ, ಸಂಗೀತ, ಕೋಡ್ ಎಲ್ಲ ಮಾಡಿ 2016ರಲ್ಲಿ ಬಿಟ್ಟಿದ್ದು. ಬೇಸಾಯದ ಆಟ. ತೋಟದವರಿಗೆ ತೋಟದ ಗೇಮ್ ಸರಿ ಅಂತ ತುಂಬಾ ಜನ ಇದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪೊನ್ನಂಪೇಟೆ ಕಡೆಯ ಗೆಳೆಯನೊಬ್ಬ ಅದರಲ್ಲಿ ಕಾಫಿ ಬೆಳೆಯುವುದನ್ನು ನೋಡಿ ಬಿದ್ದು ಬಿದ್ದು ನಕ್ಕ. ಬೀಜ ಹಾಕಿದ ಹತ್ತು ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ಕುಯ್ಲು, ಐದು ಬೀಜ ಪೀಪಾಯಿಗೆ ಹಾಕಿದರೆ ಬಿಸಿ ಕಾಫಿ ರೆಡಿ. ಇಲ್ಲಿ ಗಿಡ ನೆಟ್ಟು ಮೂರು-ನಾಲ್ಕು ವರ್ಷ ಕಾದು, ಹೂಮಳೆ ಬಂತಾ ಇಲ್ವಾ ಅಂತ ಆಕಾಶ ನೋಡಿ, ವರ್ಷಕ್ಕೆ ಒಂದೇ ಸಲ ಕೊಯ್ಯುವವನಿಗೆ ಹೇಗಾಗಬೇಡ? ಅದರಲ್ಲಿ ಕಾಯಿಕೊರಕ ಇಲ್ಲ, ಆಳು ಸಿಗುವುದಿಲ್ಲ ಅನ್ನುವ ತಲೆನೋವಿಲ್ಲ, ಆನೆ ಇಲ್ಲ. ಕಾಗೆ ಒಂದು ಇದೆ, ಬೆದರುಬೊಂಬೆ ನಿಲ್ಲಿಸಿದರೆ ಅದೂ ಬರುವುದಿಲ್ಲ. "ಇಂಥ ತೋಟ ಎಕರೆಗೆ ಎಷ್ಟಂತೆ ಕೇಳು" ಅಂದ.

ಇಡೀ ದಿನ ತೋಟ ಸುತ್ತಿದವನಿಗೆ ರಾತ್ರಿ ಮತ್ತೆ ಗಿಡಕ್ಕೆ ನೀರು ಹಾಕು ಅನ್ನುವುದು ಯಾವ ನ್ಯಾಯ? ಅವನು ಕ್ಲಬ್‌ನಲ್ಲಿ ರಮ್ಮಿ ಆಡುವವನು, 'ಬಲಾಟ್ರೋ' ಕೊಟ್ಟೆ. ಪೋಕರ್ ಲೆಕ್ಕದ ಇಸ್ಪೀಟು, 150 ಥರದ ಜೋಕರ್, ನಿಜವಾದ ದುಡ್ಡಿನ ಮಾತೇ ಇಲ್ಲ, ಫೋನ್‌ನಲ್ಲೂ ಆಡಬಹುದು. ಈಗ ಅವನ ಹೆಂಡತಿ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಸ್ಟಾರ್‌ಡ್ಯೂ ಅನ್ನು ನಾನು ಬೆಂಗಳೂರಲ್ಲಿ ಕೂತು 'ಊರಿಗೆ ಬಂದು ತೋಟ ಮಾಡ್ತೀನಿ' ಅನ್ನುವ ಸೋದರ ಸಂಬಂಧಿಗಳಿಗೆ ಕೊಡುತ್ತೇನೆ. ಊರಲ್ಲಿ ಆಡುವವರಿಗೆ ಒಂದು ಮಾತು: ಆಟದ ಒಂದು ದಿನ ಅಂದರೆ ಸುಮಾರು 14 ನಿಮಿಷ, ಮಲಗಿದರೆ ಮಾತ್ರ ಸೇವ್ ಆಗುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಜುಲೈ ತಿಂಗಳಲ್ಲಿ ಆಡಬೇಡಿ.

ಅಮ್ಮನಿಗೆ 'ವೆಣ್ಬಾ'. ಕೆನಡಾಕ್ಕೆ ಹೋದ ತಮಿಳು ಕುಟುಂಬ, 1980ರ ದಶಕ, ಅಡುಗೆಯೇ ಆಟ. ಪಾಕದ ಪುಸ್ತಕ ಹಳೆಯದು, ಅಲ್ಲಲ್ಲಿ ಅಳಿಸಿಹೋಗಿದೆ, ಉಳಿದದ್ದನ್ನು ನಾವೇ ಊಹಿಸಬೇಕು. ಮೊದಲ ಅಡುಗೆ ಇಡ್ಲಿ. ನಾನು ತಟ್ಟೆ ಜೋಡಿಸುತ್ತಿದ್ದೆ. ಅಮ್ಮ ಹಿಂದಿನಿಂದ ನೋಡಿ, "ಹಾಗೆ ನೇರ ಇಟ್ರೆ ಮೇಲಿನ ತಟ್ಟೆ ಇಡ್ಲಿಗೆ ಅಂಟ್ತದೆ, ತಿರುಗಿಸಿ ಇಡು" ಅಂದರು. ಇಂಗ್ಲಿಷ್ ಒಂದಕ್ಷರ ಓದದೆ! ಪುಟ್ಟು ಬಂದಾಗಂತೂ ಕೇಳಬೇಡಿ. ನೂಪುಟ್ಟು, ಕಡಂಬುಟ್ಟು ಮಾಡುವ ಊರಿನವರಿಗೆ ಪುಟ್ಟು ಕಲಿಸಲು ಬರುತ್ತದಾ ಆ ಗೇಮ್ ಅಂತ ಇಡೀ ಸಂಜೆ ಅದೇ ಮಾತು. 2023ರ ಆಟ. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ, ಮಾಡಿದವರ ಮೊದಲ ಆಟಕ್ಕೆ ಕೊಡುವ ಪ್ರಶಸ್ತಿ ಇದಕ್ಕೇ ಬಂತು. ಎರಡು ಗಂಟೆಯೊಳಗೆ ಮುಗಿಯುತ್ತದೆ, ಕೊನೆಯಲ್ಲಿ ಸ್ವಲ್ಪ ಕಣ್ಣೀರು.

ಇವೆಲ್ಲ ಎಲ್ಲಿ ಸಿಗುತ್ತವೆ ಅಂದರೆ, ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ. ಅಲ್ಲಿ ನೂರು ಡಾಲರ್ ಕಟ್ಟಿದರೆ ಯಾರು ಬೇಕಾದರೂ ಗೇಮ್ ಹಾಕಬಹುದು, ವರ್ಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಬರುತ್ತವೆ, ಹಾಗಾಗಿ ಒಳ್ಳೆಯದು ಕಸದಲ್ಲಿ ಹೂತುಹೋಗುತ್ತದೆ. ನಾನು ಮಾಡುವುದು ಏನೆಂದರೆ, ಹೊಗಳಿದ ರಿವ್ಯೂ ಓದುವುದೇ ಇಲ್ಲ. ಬೈದವರದ್ದು ಮಾತ್ರ ಓದುತ್ತೇನೆ. 'ತೀರಾ ನಿಧಾನ, ಸುಮ್ನೆ ನಡೀತಾ ಇರಬೇಕು, ಏನೂ ಆಗಲ್ಲ' ಅಂತ ಯಾರಾದರೂ ಸಿಟ್ಟಲ್ಲಿ ಬರೆದಿದ್ದರೆ ಅದು ನನ್ನ ಗೇಮ್. 'ಮಧ್ಯದಲ್ಲಿ ನಿಂತುಹೋಗುತ್ತದೆ, ಸೇವ್ ಹಾಳಾಯ್ತು' ಅಂತಿದ್ದರೆ ದೂರ. ಹಿಡಿಸದಿದ್ದರೆ ಎರಡು ಗಂಟೆಗಿಂತ ಕಡಿಮೆ ಆಡಿದ್ದು, ಕೊಂಡು 14 ದಿನ ಆಗಿಲ್ಲದಿದ್ದರೆ ದುಡ್ಡು ವಾಪಸ್. ವರ್ಷಕ್ಕೆ ಕೆಲವು ಸಲ ನೆಕ್ಸ್ಟ್ ಫೆಸ್ಟ್ ಅಂತ ನಡೆಯುತ್ತದೆ, ಬಿಡುಗಡೆಗೆ ಮೊದಲೇ ನೂರಾರು ಡೆಮೋ ಪುಕ್ಕಟೆ. ನೆಟ್ ಚೆನ್ನಾಗಿದ್ದ ದಿನ ಕುಶಾಲನಗರಕ್ಕೋ ಮೈಸೂರಿಗೋ ಹೋದಾಗ ಇಳಿಸಿಟ್ಟುಕೊಳ್ಳಿ.

ನನಗೆ ಸ್ಟೀಮ್‌ಗಿಂತ ಇಚ್ ಡಾಟ್ ಐಓ (itch.io) ಅನ್ನುವ ಇಂಡೀ ಗೇಮ್ ಸೈಟ್ ಇಷ್ಟ. ಸ್ಟೀಮ್ ಸಾಮಾನ್ಯವಾಗಿ ನೂರಕ್ಕೆ 30 ಹಿಡಿದುಕೊಳ್ಳುತ್ತದೆ. ಇಲ್ಲಿ ಸೈಟಿಗೆ ಎಷ್ಟು ಅಂತ ಮಾಡಿದವರೇ ತೀರ್ಮಾನಿಸಬಹುದು, ಸೊನ್ನೆ ಕೂಡ. ಎಷ್ಟೋ ಆಟಗಳಿಗೆ ಕೊಳ್ಳುವವರು ಇಷ್ಟ ಬಂದಷ್ಟು ಕೊಡಬಹುದು. ಬ್ರೌಸರ್‌ನಲ್ಲೇ ಓಡುವ ಪುಟಾಣಿ ಆಟಗಳು ರಾಶಿ ರಾಶಿ. 2015ರಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯಲ್ ಬೆರಿ ನಾಲ್ಕು ದಿನದಲ್ಲಿ ಮಾಡಿದ, ಬೆಟ್ಟ ಹತ್ತುವ ಆಟ 'ಸೆಲೆಸ್ಟ್' ಕೂಡ ಬ್ರೌಸರ್‌ನಲ್ಲೇ ಸಿಗುತ್ತದೆ. ಪಿಕೋ-8 ಅಂತ ಒಂದು ಕಲ್ಪನೆಯ ಮೆಷಿನ್‌ಗೆ ಮಾಡಿದ್ದು, 16 ಬಣ್ಣ, 128 ಚುಕ್ಕಿ ಅಗಲದ ಪರದೆ ಅಷ್ಟೇ. ಅದೇ ಬೆಳೆದು 2018ರಲ್ಲಿ ದೊಡ್ಡ 'ಸೆಲೆಸ್ಟ್' ಆಯಿತು. ಚಿಕ್ಕದನ್ನು ಆಡಿ ನೋಡಿ. ಬೆರಳು ಬೈದರೆ ದೊಡ್ಡದಕ್ಕೆ ದುಡ್ಡು ಹಾಕುವುದು ಬೇಡ.

ಒಂದು ಚಿಕ್ಕ ಕೆಲಸ ನೀವು ಮಾಡಬಹುದು. ಸ್ಟೀಮ್‌ನಲ್ಲಿ ಹತ್ತು ರಿವ್ಯೂ ಆಗುವವರೆಗೆ ಗೇಮಿಗೆ ಒಳ್ಳೆಯದು-ಕೆಟ್ಟದು ಅನ್ನುವ ಗುರುತೇ ಬೀಳುವುದಿಲ್ಲ. ಏಳೋ ಎಂಟೋ ರಿವ್ಯೂಗೆ ನಿಂತ ಒಳ್ಳೆ ಗೇಮ್ ಕಂಡರೆ ಎರಡು ಸಾಲು ಬರೆದುಬಿಡಿ. ಕನ್ನಡದಲ್ಲಿ ಬರೆದರೂ ಲೆಕ್ಕಕ್ಕೆ ಬರುತ್ತದೆ, ನಾನು ಹಾಗೇ ಬರೆಯುವುದು.

ಈಗ ನನಗೇ ಒಂದು ಬೇಕಾಗಿದೆ. ವಿರಾಜಪೇಟೆಯ ಅಕ್ಕನ ಮಗಳಿಗೆ ಆರು ವರ್ಷ, ಓದಲು ಈಗಷ್ಟೇ ಕಲಿಯುತ್ತಿದ್ದಾಳೆ. ಮಾತೇ ಇಲ್ಲದ, ಹೆದರಿಸದ, ಹಳೆ ಲ್ಯಾಪ್‌ಟಾಪ್‌ನಲ್ಲಿ ಓಡುವ ಗೇಮ್. 'ಮೆಷಿನೇರಿಯಂ' ನೆನಪಾಯಿತು, 2009ರದ್ದು, ಮಾತಿಲ್ಲ, ತುಂಬಾ ಚೆಂದದ ಚಿತ್ರ, ಆದರೆ ಅದರ ಒಗಟುಗಳು ನನಗೇ ಬೆವರಿಳಿಸಿದ್ದವು. ಅದಕ್ಕಿಂತ ಸುಲಭದ್ದು ಗೊತ್ತಿದ್ದರೆ ಹೇಳಿ, ದಸರಾ ರಜೆಗೆ ಮುಂಚೆ ಸಿಕ್ಕರೆ ಒಳ್ಳೆಯದು.