ಬೂದು ಚೌಕದೊಳಗಿನ ಗಡಿಯಾರ

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಒಂದು ಗಡಿಯಾರ. ಬ್ರೌಸರಿನೊಳಗೆ ಮುಳ್ಳು ತಿರುಗಬೇಕು, ಅಷ್ಟೇ. ಇಸವಿ 1998. ಇವತ್ತಿನ ವಿದ್ಯಾರ್ಥಿಗಳು ಇದನ್ನು ಕೇಳಿದರೆ ನಗುತ್ತಾರೆ, ನಗಲಿ. ಆಗ ವೆಬ್ ಪುಟವೆಂದರೆ ಅಚ್ಚಾದ ಹಾಳೆಯ ಹಾಗೆ, ಬಂದು ಕೂತರೆ ಕೂತಿತು. ಮಿಣುಕುವ ಅಕ್ಷರ, ಅಡ್ಡಡ್ಡ ಓಡುವ ಸಾಲು, ಗಿರ್ರನೆ ಸುತ್ತುವ ಜಿಫ್ ಚಿತ್ರ ಇದ್ದವು, ನಿಜ. ಅವು ತಮ್ಮ ಪಾಡಿಗೆ ಕುಣಿಯುತ್ತಿದ್ದವೇ ಹೊರತು ನಾವು ಮಾತಾಡಿಸಿದರೆ ಓಗೊಡುತ್ತಿರಲಿಲ್ಲ.

ಉತ್ತರ ಬೇಕಿದ್ದರೆ ಸರ್ವರಿನ ತನಕ ಹೋಗಿಬರಬೇಕಿತ್ತು. ಫಾರ್ಮ್ ತುಂಬಿ ಬಟನ್ ಒತ್ತಿದರೆ, ಆ ಕಡೆ ಸಿಜಿಐ ಎಂಬ ಸರ್ವರಿನ ಏರ್ಪಾಡಿನ ಮೂಲಕ ಪರ್ಲ್ ಭಾಷೆಯ ಒಂದು ಪ್ರೋಗ್ರಾಂ ಎದ್ದು ಕೂತು, ಕೊಟ್ಟದ್ದನ್ನು ಓದಿ, ಹೊಸ ಪುಟವನ್ನೇ ಬರೆದು ಕಳಿಸಿ ಕಣ್ಣು ಮುಚ್ಚುತ್ತಿತ್ತು. ಮುಂದಿನವನು ಒತ್ತಿದರೆ ಮತ್ತೊಂದು ಹುಟ್ಟು, ಮತ್ತೊಂದು ಸಾವು. ಲ್ಯಾಬಿನ ಮೋಡೆಮ್ ಕಿರುಗುಟ್ಟುತ್ತ ಇದನ್ನೆಲ್ಲ ಹೊತ್ತು ತರುವಷ್ಟರಲ್ಲಿ ನಮ್ಮ ತಾಳ್ಮೆ ಮುಗಿದಿರುತ್ತಿತ್ತು. ಬಿಳಿ ಪರದೆ ನೋಡುತ್ತ ಕೂತು ಕೊನೆಗೆ ಸಿಗುತ್ತಿದ್ದದ್ದು ‘ಹೆಸರು ತುಂಬಿಲ್ಲ’ ಎಂಬ ಒಂದೇ ಸಾಲು. ಹಿಂದಕ್ಕೆ ಹೋದರೆ ಎಷ್ಟೋ ಸಲ ತುಂಬಿದ್ದೆಲ್ಲ ಮಾಯ.

ಹೀಗಿರುವಾಗ ಜಾವಾ ಆಪ್ಲೆಟ್, ಅಂದರೆ ಜಾವಾ ಭಾಷೆಯಲ್ಲಿ ಬರೆದು ಪುಟದೊಳಗೇ ಓಡಿಸುವ ಪುಟ್ಟ ಪ್ರೋಗ್ರಾಂ, ನನ್ನ ತಲೆಗೆ ಏರಿದ್ದರಲ್ಲಿ ಆಶ್ಚರ್ಯವಿಲ್ಲ. 1995ರಲ್ಲಿ ಜಾವಾ ರೂಪಿಸಿದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಹಾಟ್‌ಜಾವಾ ಎಂಬ ಬ್ರೌಸರಿನಲ್ಲಿ ಪುಟದ ನಡುವೆಯೇ ಪ್ರೋಗ್ರಾಂ ಓಡಿಸಿ ತೋರಿಸಿತ್ತು. ನೆಟ್‌ಸ್ಕೇಪ್ 2 ಬ್ರೌಸರ್ ಬಂದಮೇಲೆ ಅದು ನಮ್ಮಂಥವರ ಕೈಗೂ ಎಟುಕಿತು. ಸರ್ವರಿನಿಂದ ಪ್ರೋಗ್ರಾಮೇ ಇಳಿದು ಬಂದು ನಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ, ಆದರೂ ನಮ್ಮ ಫೈಲುಗಳನ್ನು ಮುಟ್ಟುವಂತಿಲ್ಲ, ತಾನು ಬಂದ ಸರ್ವರ್ ಬಿಟ್ಟು ಬೇರೆ ಕಡೆ ಮಾತಾಡುವಂತಿಲ್ಲ. ಮನೆಗೆ ಬಂದ ಅತಿಥಿ ಜಗಲಿ ದಾಟದ ಹಾಗೆ. ಇದಕ್ಕಿಂತ ಅಚ್ಚುಕಟ್ಟಾದದ್ದು ಇನ್ನೇನಿದೆ ಎಂದುಕೊಂಡಿದ್ದೆ.

ಗಡಿಯಾರವೇನೋ ಓಡಿತು, ಆದರೆ ಪ್ರತಿ ಸೆಕೆಂಡಿಗೆ ಒಮ್ಮೆ ಪಟ್ಟನೆ ಮಿಣುಕುತ್ತಿತ್ತು. ಎರಡು ವಾರ ತಲೆ ಕೆರೆದುಕೊಂಡೆ. ಒಂದು ಮಧ್ಯಾಹ್ನ ಲ್ಯಾಬಿನ ಮೇಷ್ಟ್ರು ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, “ಬೋರ್ಡ್ ಪೂರ್ತಿ ಒರೆಸಿ ಎಲ್ಲರೆದುರೇ ಮತ್ತೆ ಬರೀತಿದ್ದೀಯಲ್ಲಪ್ಪ. ಬೇರೆ ಹಾಳೇಲಿ ಬರ್ಕೊಂಡು ಬಂದು ಅಂಟಿಸು” ಎಂದು ಹೊರಟುಹೋದರು. ಜಾವಾದಲ್ಲಿ, ಮತ್ತೆ ಬಿಡಿಸು ಎನ್ನಲು ರೀಪೇಂಟ್ ಎಂದು ಕರೆದರೆ ಅದು ನೇರವಾಗಿ ಚಿತ್ರ ಬಿಡಿಸುವ ಪೇಂಟಿಗೆ ಹೋಗುವುದಿಲ್ಲ. ನಡುವೆ ಅಪ್‌ಡೇಟ್ ಎಂಬುದು ಬಂದು ಚೌಕವನ್ನೆಲ್ಲ ಹಿನ್ನೆಲೆ ಬಣ್ಣದಿಂದ ಒರೆಸಿಬಿಡುತ್ತದೆ. ನನ್ನ ಕಣ್ಣಿಗೆ ಹೊಡೆಯುತ್ತಿದ್ದದ್ದು ಆ ಒರೆಸಿದ ಗಳಿಗೆ. ಅಪ್‌ಡೇಟನ್ನು ನಾನೇ ಬರೆದೆ, ಮುಳ್ಳುಗಳನ್ನು ಮೆಮೊರಿಯಲ್ಲಿ ಅಡಗಿದ ಇನ್ನೊಂದು ಚಿತ್ರದಲ್ಲಿ ಬಿಡಿಸಿಕೊಂಡು ಒಂದೇ ಏಟಿಗೆ ಪರದೆಗೆ ತಂದೆ. ಮಿಣುಕು ನಿಂತಿತು. ಆ ಸಂಜೆ ಸೆಕೆಂಡಿನ ಮುಳ್ಳು ನುಣ್ಣಗೆ ಸರಿಯುವುದನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ, ಲ್ಯಾಬಿನ ದೀಪ ಆರಿಸಿದ ಮೇಲೇ ಎದ್ದದ್ದು.

ಪಕ್ಕದ ಕಂಪ್ಯೂಟರಿನ ಸಹಪಾಠಿ ಆಗ ಬ್ರೌಸರಿನೊಳಗೇ ಓಡುವ ಜಾವಾಸ್ಕ್ರಿಪ್ಟಿನಲ್ಲಿ ಏನೋ ಗೀಚುತ್ತಿದ್ದಳು. ಕಾಲೇಜು ಉತ್ಸವದ ಹೆಸರು ನೋಂದಣಿಯ ಪುಟ. ಹೆಸರು ಬಿಟ್ಟು ಬಟನ್ ಒತ್ತಿದರೆ ಸರ್ವರಿಗೆ ಹೋಗುವ ಮೊದಲೇ ಒಂದು ಪುಟ್ಟ ಪೆಟ್ಟಿಗೆ ಟಣ್ ಎಂದು ಎದ್ದು ಬೈಯುತ್ತಿತ್ತು. ಪುಟದ ಬುಡದಲ್ಲಿ ಇವತ್ತಿನ ತಾರೀಖು. ಒಟ್ಟು ಇಪ್ಪತ್ತು ಸಾಲಿರಬಹುದು. “ಇದೂ ಒಂದು ಭಾಷೆಯಾ?” ಎಂದು ರೇಗಿಸಿದ್ದೆ. ಹಾಗೆ ನೋಡಿದರೆ ಅದರ ಹುಟ್ಟೂ ಅವಸರದ್ದೇ. ನೆಟ್‌ಸ್ಕೇಪಿನಲ್ಲಿದ್ದ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಮೊದಲ ರೂಪ ಕೊಟ್ಟಿದ್ದರು. ಮೋಕಾ ಆಗಿ ಹುಟ್ಟಿ, ಲೈವ್‌ಸ್ಕ್ರಿಪ್ಟ್ ಆಗಿ, ಆ ವರ್ಷದ ಡಿಸೆಂಬರಿಗೆ ಜಾವಾಸ್ಕ್ರಿಪ್ಟ್ ಎಂಬ ಹೆಸರು ಪಡೆಯಿತು. ಜಾವಾದ ಜನಪ್ರಿಯತೆಯಲ್ಲಿ ಪಾಲು ಕೇಳಲೆಂದು ಇಟ್ಟ ಹೆಸರು, ನೆಂಟಸ್ತಿಕೆ ಅಷ್ಟಕ್ಕಷ್ಟೇ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನೆದುರು ಕೂತರು. ಪುಟ ಬಂತು. ಗಡಿಯಾರದ ಜಾಗದಲ್ಲಿ ಬೂದು ಬಣ್ಣದ ಚೌಕ. ಹಾರ್ಡ್ ಡಿಸ್ಕ್ ಗುರುಗುಟ್ಟಿತು. ಜಾವಾ ಯಂತ್ರವೆಲ್ಲ ಮೇಲೇಳಬೇಕಲ್ಲ! ನಾನು ಡಬಲ್ ಬಫರಿಂಗ್, ಅಂದರೆ ಆ ಅಡಗಿದ ಚಿತ್ರದ ಉಪಾಯದ ಬಗ್ಗೆ ಕಂಠಪಾಠ ಒಪ್ಪಿಸತೊಡಗಿದೆ. ಚೌಕ ಇನ್ನೂ ಬೂದು. ಅವರು ತಮ್ಮ ಕೈಗಡಿಯಾರ ನೋಡಿಕೊಂಡು, “ಬರಲಿ, ಅಷ್ಟರಲ್ಲಿ ಇವರದ್ದು ನೋಡ್ತೀನಿ” ಎಂದು ಪಕ್ಕಕ್ಕೆ ಕುರ್ಚಿ ಸರಿಸಿದರು. ಹೆಸರು ತುಂಬದೆ ಬಟನ್ ಒತ್ತಿದರು. ಟಣ್! ಮತ್ತೊಮ್ಮೆ ಒತ್ತಿದರು. ಮೂರನೆಯ ಸಲ ಬೇಕೆಂತಲೇ ಒತ್ತಿ ನಕ್ಕರು. ನನ್ನ ಮುಳ್ಳುಗಳು ಮೇಲೆದ್ದಾಗ ನೋಡುವವರು ಯಾರೂ ಇರಲಿಲ್ಲ.

ಆಮೇಲೆ ಕೆಲಸಕ್ಕೆ ಸೇರಿದೆ. ಅಲ್ಲಿ ಸಿಕ್ಕಿದ್ದು ಅದೇ ಜಾವಾಸ್ಕ್ರಿಪ್ಟ್. ಇಂಟರ್ನೆಟ್ ಎಕ್ಸ್‌ಪ್ಲೋರರ್ 4ಕ್ಕೆ ಒಂದು ಬಗೆ, ನೆಟ್‌ಸ್ಕೇಪ್ 4ಕ್ಕೆ ಇನ್ನೊಂದು ಬಗೆ ಬರೆಯಬೇಕಾಗಿದ್ದ ಆ ದಿನಗಳ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. 1999ರಲ್ಲಿ ಎಕ್ಸ್‌ಪ್ಲೋರರ್ 5ರ ಜೊತೆ, ಪುಟವನ್ನು ಅಲುಗಿಸದೆ ಸರ್ವರಿನಿಂದ ಚೂರು ಮಾಹಿತಿ ತರಿಸಿಕೊಳ್ಳುವ ಸಾಧನ ಬಂದಿತ್ತು. ನಾವು ಬಹಳ ಮಂದಿ ಅದನ್ನು ಗಮನಿಸಲೇ ಇಲ್ಲ. 2005ರಲ್ಲಿ ಗೂಗಲ್ ನಕ್ಷೆಯನ್ನು ಮೌಸಿನಿಂದ ಎಳೆದಾಗ ಬಿಳಿ ಪರದೆ ಬರದೆ ಊರುಗಳು ಜಾರುತ್ತ ಹೋದವು. ಅವತ್ತು ಕಚೇರಿಯಲ್ಲಿ ಕೆಲಸ ಬಿಟ್ಟು ಎಲ್ಲರೂ ನಕ್ಷೆ ಎಳೆಯುತ್ತ ಕೂತಿದ್ದೆವು.

ಈ ಲೇಖನಕ್ಕೆಂದು ಹಳೆಯ ಸಿಡಿ ಹುಡುಕಿ ತೆಗೆದೆ. ಎರಡು ಪ್ರಾಜೆಕ್ಟುಗಳೂ ಅದರಲ್ಲಿದ್ದವು. ಮೊದಲು ನನ್ನದನ್ನೇ ತೆರೆದೆ. ಆಪ್ಲೆಟ್ ಓಡಿಸುವ ಬ್ರೌಸರ್ ಈಗೆಲ್ಲಿದೆ? ಬೂದು ಚೌಕವೂ ಇಲ್ಲ, ಬರೀ ಖಾಲಿ ಜಾಗ. ಅವಳದ್ದನ್ನು ತೆರೆದು ಹೆಸರು ತುಂಬದೆ ಬಟನ್ ಒತ್ತಿದೆ. ಟಣ್ ಎನ್ನಲಿಲ್ಲ, ಆದರೆ ಪೆಟ್ಟಿಗೆ ಎದ್ದು ಅಂದಿನಂತೆಯೇ ಬೈಯಿತು. ಖುಷಿಯಲ್ಲಿ ಪುಟದ ಬುಡಕ್ಕೆ ಇಳಿದು ತಾರೀಖು ನೋಡಿದೆ. ಇಸವಿ 19125. ಇಸವಿ ಕೇಳಿದರೆ ಜಾವಾಸ್ಕ್ರಿಪ್ಟ್ ಆಗ 98 ಎನ್ನುತ್ತಿತ್ತು, 1900ರಿಂದ ಎಣಿಸಿದ ಲೆಕ್ಕ. ಇವಳು ಅದರ ಮುಂದೆ 19 ಅಂಟಿಸಿದ್ದಳು. ನಾನು ತೆರೆದ 2025ರಲ್ಲಿ ಆ ಲೆಕ್ಕ 125ಕ್ಕೆ ಬಂದಿತ್ತು.

ಫೋಟೊ ತೆಗೆದು ಕಳಿಸಿದೆ. ತಕ್ಷಣ ಫೋನ್ ಬಂತು. “ಪರೀಕ್ಷೇಲಿ ಪಾಸಾಗಿದ್ದೀನಿ ಕಣೋ, ಈಗ ಮಾರ್ಕ್ಸ್ ಕಡಿಮೆ ಮಾಡೋ ಹಾಗಿಲ್ಲ” ಎಂದಳು.