ಬಿಸಿಲಿನ ಊರಿನಲ್ಲಿ ಬಿಸಿಲು ಕಾಣದ ಆಮೆಗಳು

ವಿಜಯಪುರ
ಭಾನುವಾರ, 11 ಮೇ 2025

ಅಣ್ಣನ ಮನೆಯ ಎರಡೂ ಆಮೆಗಳು ಈಗ ನಮ್ಮ ಹಿತ್ತಿಲಿನಲ್ಲಿವೆ. ಬೇವಿನ ಮರದ ಬುಡದಲ್ಲಿ ಹಿಂದೆ ದನಗಳಿಗೆ ನೀರು ಇಡುತ್ತಿದ್ದ ಕಲ್ಲಿನ ದೋಣಿ ಖಾಲಿ ಬಿದ್ದಿತ್ತು. ಅದನ್ನೇ ತಿಕ್ಕಿ ತೊಳೆದು, ನೀರು ತುಂಬಿ, ಒಂದು ಬದಿಗೆ ಇಟ್ಟಿಗೆ ಪೇರಿಸಿ ಅದರ ಮೇಲೆ ಚಪ್ಪಡಿ ಚೂರು ಹಾಕಿದೆವು. ದೊಡ್ಡ ಆಮೆ ಸ್ವಲ್ಪ ಹೊತ್ತಿಗೇ ಕಲ್ಲು ಹತ್ತಿ ಕೂತಿತು. ಚಿಕ್ಕದು ಉಸಿರಿಗೆ ಮೂಗು ಮೇಲೆ ಮಾಡುವುದು ಬಿಟ್ಟರೆ ಇನ್ನೂ ನೀರಿನಲ್ಲೇ ಇದೆ.

ಬೆಳಗ್ಗೆ ಇವು ಭೂತನಾಳ ಕೆರೆಗೆ ಹೊರಟಿದ್ದವು. ಅಣ್ಣ ಬಕೆಟ್ಟಿನಲ್ಲಿ ಹಾಕಿ, ಮೇಲೆ ಟವೆಲ್ ಮುಚ್ಚಿ, ಗಾಡಿ ಹೊರಗೆ ತೆಗೆದು ನಿಲ್ಲಿಸಿದ್ದ. ಅಣ್ಣನ ಹೆಂಡತಿ, ನಮ್ಮ ವೈನಿ ಫೋನ್ ಮಾಡಿ, "ಸಣ್ಣಾಕಿ ಅಳಾಕತ್ತಾಳ, ನೀ ಬಂದ್ ಸ್ವಲ್ಪ ಸಮಾಧಾನ ಮಾಡು" ಅಂದಾಗಲೇ ನನಗೆ ವಿಷಯ ಗೊತ್ತಾದದ್ದು. "ನಾ ಬರೂತನಕ ಎಲ್ಲೂ ಬಿಡಬ್ಯಾಡ್ರಿ" ಅಂತ ಹೇಳಿ ಹೊರಟೆ. ಶಾಲೆಗೆ ರಜೆ, ಅದೂ ಭಾನುವಾರ. ಇಲ್ಲದಿದ್ದರೆ ನಾನು ಹೋಗುವಷ್ಟರಲ್ಲಿ ಅವು ಕೆರೆಯಲ್ಲಿರುತ್ತಿದ್ದವು.

ಅಣ್ಣ ಕೆಟ್ಟ ಮನಸ್ಸಿನಿಂದ ಹೊರಟವನಲ್ಲ. "ಇಲ್ಲಿ ಟಬ್ಬಿನ್ಯಾಗ ಸಾಯೂದಕಿಂತ ಅಲ್ಲಿ ಆರಾಮ ಇರ್ತಾವ" ಅಂತ ನಂಬಿದ್ದ. ಆಮೆಯನ್ನು ಕೆರೆಗೆ ಬಿಡುವುದು ಪುಣ್ಯದ ಕೆಲಸ ಅಂತಲೇ ನಮ್ಮ ಕಡೆ ಜನ ತಿಳಿದಿದ್ದಾರೆ. ಪಕ್ಕದ ಮನೆಯವರೂ ಬಂದು, ಕೆರೆ ದೂರ ಆದರೆ ಊರೊಳಗಿನ ಹಳೆ ಬಾವಿ ತಾಜ್ ಬಾವಡಿಗೆ ಬಿಡಿ, ಈಗ ಹೂಳೆತ್ತಿ ಸ್ವಚ್ಛ ಮಾಡಿದ್ದಾರೆ ಅಂದರು. ಅವರ ಮನಸ್ಸೂ ಒಳ್ಳೆಯದೇ.

ನಾಲ್ಕು ವರ್ಷದ ಹಿಂದೆ, ಲಾಕ್‌ಡೌನ್ ಸಡಿಲಾದ ಸಮಯದಲ್ಲಿ ಇವು ಮನೆಗೆ ಬಂದವು. ಶಾಲೆ ಇಲ್ಲ, ಗೆಳತಿಯರಿಲ್ಲ, ಮಗು ಬೇಸರದಲ್ಲಿತ್ತು. ಸೋಲಾಪುರಕ್ಕೆ ಹೋಗಿದ್ದ ಅಣ್ಣ ಒಂದು ಅಂಗಡಿಯಲ್ಲಿ ನೋಡಿದ. ಒಂದೊಂದೂ ಒಂದು ಇಂಚಿಗಿಂತ ಸ್ವಲ್ಪ ದೊಡ್ಡದು. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಕೆಂಪು ಪಟ್ಟೆ. ಅಂಗಡಿಯವನು ಹೇಳಿದ ಮಾತು ಅಣ್ಣನಿಗೆ ಈಗಲೂ ನೆನಪಿದೆ. ಬೊಗಳೋದಿಲ್ಲ, ಕೂದಲು ಉದುರೋದಿಲ್ಲ, ದಿನಕ್ಕೆ ನಾಲ್ಕು ಕಾಳು ಹಾಕಿದರೆ ಮುಗೀತು, ಸಣ್ಣ ಬೋಗುಣಿಯಲ್ಲಿ ಇಟ್ಟರೆ ಸಣ್ಣದಾಗೇ ಇರ್ತಾವೆ. ಮೇಲಿಂದ, ಉತ್ತರ ದಿಕ್ಕಿಗೆ ಇಡಿ, ಮನೆಗೆ ಲಕ್ಷ್ಮಿ ಬರ್ತಾಳೆ ಅಂತ ಬೇರೆ ಹೇಳಿ ಕಳಿಸಿದ್ದಾನೆ. ವಾಸ್ತುವಿಗೆ ಅಂತ ಹಿತ್ತಾಳೆಯ ಆಮೆ ಇಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ನಂಬಿಕೆಗೆ ಜೀವ ಇರುವ ಆಮೆಯನ್ನು ತರಬೇಕಾಗಿಲ್ಲ ಅಲ್ವಾ?

ಈ ಜಾತಿಯ ಹೆಸರು ರೆಡ್ ಇಯರ್ಡ್ ಸ್ಲೈಡರ್. ಊರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಹೆಣ್ಣು ಹತ್ತರಿಂದ ಹನ್ನೆರಡು ಇಂಚಿನವರೆಗೂ ಬೆಳೆಯುತ್ತದೆ, ಅಂದರೆ ದೊಡ್ಡ ಊಟದ ತಟ್ಟೆಯ ಅಗಲ. ಗಂಡು ಸ್ವಲ್ಪ ಚಿಕ್ಕದು. ಸರಿಯಾಗಿ ಸಾಕಿದರೆ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಅಣ್ಣನ ಮಗಳಿಗೆ, ಅಂದರೆ ನನ್ನ ಸೊಸೆಗೆ, ಮದುವೆಯಾಗಿ ಮಕ್ಕಳಾದ ಮೇಲೂ ಈ ಆಮೆಗಳು ಇರಬಹುದು. ಸಣ್ಣ ಬೋಗುಣಿಯಲ್ಲಿ ಇಟ್ಟರೆ ಸಣ್ಣದಾಗೇ ಇರುತ್ತದೆ ಅನ್ನುವುದು ಶುದ್ಧ ಸುಳ್ಳು. ಜಾಗ ಸಾಲದೆ ಬೆಳವಣಿಗೆ ಕುಂಠಿತವಾದರೆ ಅದನ್ನು ಕಾಯಿಲೆ ಅನ್ನಬೇಕು.

ಬಕೆಟ್ಟಿನಿಂದ ಚಿಕ್ಕದನ್ನು ಎತ್ತಿ ಕೈಯಲ್ಲಿ ಹಿಡಿದಾಗ ನನಗೆ ಮಾತೇ ಹೊರಡಲಿಲ್ಲ. ಬುಸ್ ಅಂತ ಉಸಿರು ಬಿಟ್ಟು ತಲೆ ಒಳಗೆ ಎಳೆದುಕೊಂಡಿತು. ಕಣ್ಣು ಎರಡೂ ಊದಿ ಮುಚ್ಚಿಕೊಂಡಿದ್ದವು. ಚಿಪ್ಪಿನ ಮೇಲೆ ಪಾಚಿ ಕಟ್ಟಿತ್ತು. ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಹಳೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಹಾಗೆ ಬಾಗಿತು. ಈ ಜಾತಿಯ ಆಮೆಯ ಚಿಪ್ಪು ಬಾಗಬಾರದು. ಅದು ಅದರ ಬೆನ್ನುಮೂಳೆ, ಪಕ್ಕೆಲುಬುಗಳೇ ಸೇರಿ ಆದದ್ದು. ಚಿಪ್ಪು ಮೆತ್ತಗಾಗಿದೆ ಅಂದರೆ ಮೂಳೆ ಮೆತ್ತಗಾಗಿದೆ ಅಂತಲೇ ಅರ್ಥ.

ಕಾರಣ ಬಿಸಿಲು ಇಲ್ಲದ್ದು. ವಿಜಯಪುರದಲ್ಲಿ! ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ, ಬೆಳಗ್ಗೆ ಎಂಟಕ್ಕೇ ಕಣ್ಣು ಬಿಡಲಾಗದ ಊರಿನಲ್ಲಿ, ಒಂದು ಜೀವ ಬಿಸಿಲು ಕಾಣದೆ ಮೂಳೆ ಕಳೆದುಕೊಂಡಿದೆ. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಮೈಮೇಲೆ ಬಿದ್ದರೇ ಅದರ ದೇಹದಲ್ಲಿ ಡಿ ಜೀವಸತ್ವ ಸಾಕಷ್ಟು ತಯಾರಾಗುವುದು. ಡಿ ಇಲ್ಲದಿದ್ದರೆ ಎಷ್ಟು ಸುಣ್ಣದಂಶ ತಿನ್ನಿಸಿದರೂ ಮೂಳೆಗೆ ಸೇರುವುದಿಲ್ಲ. ಅಣ್ಣ ಟಬ್ಬನ್ನು ಹಾಲ್‌ನಲ್ಲಿ ಕಿಟಕಿ ಪಕ್ಕ ಇಟ್ಟಿದ್ದ, ಬೆಳಕು ಬೀಳಲಿ ಅಂತಲೇ. ಆದರೆ ಕಿಟಕಿ ಗಾಜು ಯುವಿ-ಬಿ ಕಿರಣವನ್ನು ತಡೆದುಬಿಡುತ್ತದೆ. ಬೆಳಕು ಬಂತು, ಬಿಸಿಯೂ ಬಂತು, ಬೇಕಾದದ್ದು ಬರಲಿಲ್ಲ. ಟಬ್ಬಿನಲ್ಲಿ ಹತ್ತಿ ಕೂತು ಮೈ ಒಣಗಿಸಿಕೊಳ್ಳಲು ಒಂದು ಕಲ್ಲೂ ಇರಲಿಲ್ಲ. ಇವು ದಿನದಲ್ಲಿ ಗಂಟೆಗಟ್ಟಲೆ ನೀರಿನಿಂದ ಹೊರಗೆ ಬಂದು ಬಿಸಿಲು ಕಾಯಿಸುವ ಪ್ರಾಣಿಗಳು. ಒಣಜಾಗ ಬೇಕು ಅಂತ ಅಂಗಡಿಯಲ್ಲಿ ಒಂದು ಮಾತು ಹೇಳಿದ್ದರೂ ಸಾಕಿತ್ತು.

ಹಾಗಂತ ತಾರಸಿಯಲ್ಲಿ ತಂದಿಡುವಂತೆಯೂ ಇಲ್ಲ. ಈ ತಿಂಗಳು ತಾರಸಿಯ ಟಬ್ಬಿನ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಕಾಯುತ್ತದೆ. ನಾವು ಬೆವರುತ್ತೇವೆ, ನೆರಳಿಗೆ ಓಡುತ್ತೇವೆ. ಆಮೆಯ ಮೈ ಸುತ್ತಲಿನ ನೀರಿನಷ್ಟೇ ಬಿಸಿಯಾಗುತ್ತಾ ಹೋಗುತ್ತದೆ, ಟಬ್ಬಿನ ನುಣ್ಣನೆಯ ಗೋಡೆ ಹತ್ತಿ ಬರಲು ಅದಕ್ಕೆ ಆಗುವುದಿಲ್ಲ. ಬೆಳಗಿನ ಎಳೆಬಿಸಿಲು ಬೇಕು, ಹೊತ್ತೇರಿದ ಮೇಲೆ ನೆರಳು ಬೇಕು, ಎರಡರ ನಡುವೆ ಅದೇ ಆರಿಸಿಕೊಳ್ಳುವ ಹಾಗಿರಬೇಕು. ಬೇವಿನ ಮರದ ಕೆಳಗೆ ಇಟ್ಟದ್ದು ಅದಕ್ಕೇ.

ಇನ್ನು ನೀರಿನ ಮಾತು. ನಮ್ಮ ಊರಿನಲ್ಲಿ ನಳ ಬರುವ ದಿನ ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕೊಡ, ಬ್ಯಾರಲ್, ಬಕೆಟ್ಟು ಎಲ್ಲ ತುಂಬಿಸಿಟ್ಟು ಮುಂದಿನ ಸಲ ಬರುವ ತನಕ ತೂಗಿ ಬಳಸುತ್ತೇವೆ. ಈ ಆಮೆಗಳು ನೀರಿನಲ್ಲೇ ತಿನ್ನುತ್ತವೆ, ಅಲ್ಲೇ ಹೇಲು ಉಚ್ಚೆ ಎಲ್ಲ. ನೀರು ಬಾಯಿಗೆ ಬರದೆ ಅವು ಸರಿಯಾಗಿ ನುಂಗಲಾರವು, ಹಾಗಾಗಿ ಒಣಜಾಗದಲ್ಲಿ ತಿನ್ನಿಸಿ ನೀರು ಉಳಿಸೋಣ ಅಂದರೂ ಆಗದು. ದೊಡ್ಡವಾದ ಮೇಲೆ ಟಬ್ಬಿನ ನೀರು ಒಂದು ದಿನಕ್ಕೇ ನಾರುತ್ತಿತ್ತಂತೆ. ಫಿಲ್ಟರ್ ಹಾಕಿದರೆ ಅಷ್ಟು ಬದಲಿಸಬೇಕಾಗಿಲ್ಲ. ಆದರೆ ಇವುಗಳ ಗಲೀಜಿಗೆ ಮೀನಿನ ತೊಟ್ಟಿಯ ಸಣ್ಣ ಫಿಲ್ಟರ್ ಸಾಲದು, ದೊಡ್ಡದೇ ಬೇಕು.

ತಂದವನು ಅಣ್ಣ. ಟಬ್ಬು ತೊಳೆದವಳು ವೈನಿ. ಮನೆಯಲ್ಲಿ ಪ್ರಾಣಿ ತರುವ ಮಾತು ಬಂದಾಗ ತೊಳೆಯುವವರನ್ನು ಯಾರೂ ಕೇಳುವುದಿಲ್ಲ, ಅದು ನನಗೆ ಸಿಟ್ಟು ತರಿಸುವ ವಿಷಯ. ಬೆಳಗ್ಗೆ ಡಬ್ಬಿ ಕಟ್ಟಿ, ಮಗಳನ್ನು ಕಳಿಸಿ, ಆಮೇಲೆ ಆ ನಾರುವ ನೀರು ಎತ್ತಿ ಸುರಿದವಳು ಅವಳು. ಒಂದು ದಿನವೂ ಆಮೆಗೆ ಬೈದಿಲ್ಲ. "ಅದರದೇನ್ ತಪ್ಪೈತಿ, ಅದೇನ್ ತಾನಾಗಿ ಬಂದಿತ್ತೇನು" ಅಂದಳು ಇವತ್ತು ಕೂಡ.

ಟಬ್ಬನ್ನು ಅಡುಗೆಮನೆಯ ಸಿಂಕಿನಲ್ಲೇ ತೊಳೆಯುತ್ತಿದ್ದಳು ಅಂತ ಕೇಳಿ ಮಾತ್ರ ನನಗೆ ಎದೆ ಧಸಕ್ ಅಂದಿತು. ಆಮೆಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುತ್ತದೆ. ಆಮೆಗೆ ಏನೂ ಆಗುವುದಿಲ್ಲ, ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಸಣ್ಣ ಮಕ್ಕಳಿಗೆ, ವಯಸ್ಸಾದವರಿಗೆ ತಗುಲಿದರೆ ವಾಂತಿ, ಭೇದಿ, ಜ್ವರ, ಕೆಲವೊಮ್ಮೆ ಆಸ್ಪತ್ರೆಗೆ ಸೇರಿಸುವಷ್ಟು. ಇದೇ ಕಾರಣಕ್ಕೆ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವಂತಿಲ್ಲ. ಚಿಕ್ಕದಿದ್ದರೆ ಮಕ್ಕಳು ಕೈಯಲ್ಲಿ ಹಿಡಿಯುತ್ತವೆ, ಮುದ್ದು ಮಾಡುತ್ತವೆ, ಬಾಯಿಗೂ ಹಾಕಿಕೊಳ್ಳುತ್ತವೆ ಅಂತ. ನಮ್ಮಲ್ಲಿ ಮಾರಾಟವಾಗುವುದು ಸರಿಯಾಗಿ ಅದೇ ಅಳತೆಯವು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಟಬ್ಬನ್ನು ಅಡುಗೆಮನೆಗೆ ತರಲೇಬಾರದು. ಇದನ್ನು ಸೊಸೆಗೆ ಎರಡೆರಡು ಸಲ ಹೇಳಿದ್ದೇನೆ.

ಕೆರೆಗೆ ಯಾಕೆ ಬಿಡಬಾರದು ಅಂತ ಅಣ್ಣನಿಗೆ ಒಪ್ಪಿಸಲು ಬಹಳ ಹೊತ್ತು ಹಿಡಿಯಿತು. ಬಾಗಿದ ಚಿಪ್ಪು, ಮುಚ್ಚಿದ ಕಣ್ಣಿನ ಆ ಚಿಕ್ಕದು ಕೆರೆಯಲ್ಲಿ ಹೆಚ್ಚು ದಿನ ಬದುಕುವುದಿಲ್ಲ, ಅದು ಅವನಿಗೆ ತಕ್ಷಣ ಅರ್ಥವಾಯಿತು. ದೊಡ್ಡದರ ಮಾತು ಬೇರೆ. ಅದು ಬದುಕಿಬಿಡುತ್ತದೆ, ತೊಂದರೆ ಇರುವುದೇ ಅಲ್ಲಿ. ಸಿಕ್ಕಿದ್ದೆಲ್ಲ ತಿನ್ನುವ ಪ್ರಾಣಿ ಇದು. ಮೀನಿನ ಮರಿ, ಕಪ್ಪೆಮರಿ, ಹುಳು, ನೀರಿನ ಗಿಡ ಯಾವುದನ್ನೂ ಬಿಡುವುದಿಲ್ಲ. ಬಿಸಿಲು ಕಾಯಿಸುವ ಜಾಗಕ್ಕೆ, ಊಟಕ್ಕೆ ಊರಿನ ಆಮೆಗಳನ್ನು ಪಕ್ಕಕ್ಕೆ ತಳ್ಳುತ್ತದೆ. ತನ್ನ ಜೊತೆಗಿನ ರೋಗವನ್ನೂ ಅವುಗಳಿಗೆ ದಾಟಿಸಬಹುದು. ಜಗತ್ತಿನಲ್ಲಿ ಪರಊರಿಗೆ ಹೋಗಿ ಅತಿ ಹೆಚ್ಚು ಹಾನಿ ಮಾಡುವ ನೂರು ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯುರೋಪಿನ ದೇಶಗಳು 1997ರಲ್ಲೇ ಇದನ್ನು ತರಿಸಿಕೊಳ್ಳುವುದನ್ನು ನಿಲ್ಲಿಸಿದವು. ನಮ್ಮ ದೇಶದಲ್ಲೂ ಕೇರಳದ ತ್ರಿಶೂರಿನಲ್ಲಿ, ಮಿಜೋರಾಂನಲ್ಲಿ ಹೊರಗಿನ ನೀರಿನಲ್ಲಿ ಸಿಕ್ಕಿವೆ. ಎಲ್ಲವೂ ಯಾರದೋ ಮನೆಯ ಟಬ್ಬಿನಿಂದಲೇ ಹೋದವಲ್ಲವೇ?

ನಮ್ಮ ಕೆರೆಗಳ ಆಮೆಯ ಬದುಕೇ ಬೇರೆ. ಅದರ ಚಿಪ್ಪಿನ ಮೇಲೆ ಚರ್ಮದ ಹೊದಿಕೆ, ಹಿಂಗಾಲು ಎಳೆದುಕೊಂಡಾಗ ಮುಚ್ಚಲು ಹೊಟ್ಟೆಯ ಕಡೆ ಚರ್ಮದ ಮಡಿಕೆ. ನೀರು ಬತ್ತಿದಾಗ ಕೆಸರಿನೊಳಗೆ ಹುದುಗಿ ಮಳೆ ಬರುವ ತನಕ ಕಾಯುತ್ತದೆ. ಬರಗಾಲದ ಜಿಲ್ಲೆಗೆ ಹೇಳಿ ಮಾಡಿಸಿದ ಪ್ರಾಣಿ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ, ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಮೈಮೇಲೆ ನಕ್ಷತ್ರದ ಗೆರೆ ಇರುವ ನೆಲದ ಆಮೆಗೂ ಅದೇ ಕಾಯ್ದೆ. ಹೊರದೇಶದ ಈ ಕೆಂಪು ಪಟ್ಟೆಯದು ಗಾಜಿನ ತೊಟ್ಟಿಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತದೆ. ನಮ್ಮದನ್ನು ಕಾಪಾಡಿ, ಅದರ ಕೆರೆಗೆ ಈ ಬೇರೆಯದನ್ನು ಬಿಟ್ಟರೆ ಕಾಪಾಡಿದ್ದಕ್ಕೆ ಏನು ಅರ್ಥ ಅಂತ ಕೇಳಿದೆ. ಅಣ್ಣ ಬಕೆಟ್ಟನ್ನು ಕೆಳಗಿಟ್ಟ.

"ತಗೊಂಡದ್ದ ತಪ್ಪಾತು ನೋಡು" ಅಂದ. ಆ ಮಾತು ಹೇಳುವಾಗ ಅವನ ಮುಖ ನೋಡಲಾಗಲಿಲ್ಲ. ಮಗಳ ಬೇಸರ ಕಳೆಯಲಿ ಅಂತ ತಂದ ಅಪ್ಪ ಅವನು. ಸತ್ಯ ಹೇಳಿ ಮಾರಿದ್ದರೆ ತರುತ್ತಿರಲಿಲ್ಲ. ನನ್ನ ಸಿಟ್ಟು ಹೆಚ್ಚಾಗಿ ಆ ಸುಳ್ಳಿನ ಮೇಲೆ. "ಇದು ಹನ್ನೆರಡು ಇಂಚು ಆಗುತ್ತದೆ, ಮೂವತ್ತು ವರ್ಷ ಇರುತ್ತದೆ, ದಿನಾ ಬಿಸಿಲು ಬೇಕು" ಅಂತ ಮೂರು ಸಾಲು ಅಂಗಡಿಯ ಗಾಜಿಗೆ ಅಂಟಿಸಿದರೆ ಎಷ್ಟು ಜನ ಕೊಳ್ಳುತ್ತಾರೆ? ನಾಯಿ ಹಸಿದರೆ ಬೊಗಳುತ್ತದೆ, ಆಕಳು ಅಂಬಾ ಅನ್ನುತ್ತದೆ. ಆಮೆ ಹಾಗೆ ಕೂಗಿ ಹೇಳುವುದಿಲ್ಲ. ಸದ್ದು ಮಾಡುವುದಿಲ್ಲ ಅಂತ ಹೇಳಿಯೇ ಮಾರುತ್ತಾರೆ, ಸದ್ದಿಲ್ಲದ್ದಕ್ಕೇ ಮನೆಯವರಿಗೆ ಅದರ ನೋವು ತಿಳಿಯುವುದಿಲ್ಲ. ಕಣ್ಣು ಮುಚ್ಚಿಕೊಂಡದ್ದನ್ನು ನೋಡಿ, ನಿದ್ದೆ ಮಾಡುತ್ತಿದೆ ಅಂದುಕೊಂಡಿದ್ದರಂತೆ.

ಪಶುವೈದ್ಯರೊಬ್ಬರಿಗೆ ಫೋನ್ ಮಾಡಿದೆ. ನಮ್ಮ ಕಡೆ ಡಾಕ್ಟರು ನೋಡುವುದೆಲ್ಲ ಎಮ್ಮೆ, ಆಕಳು, ಕುರಿ, ಆಡು. ಆದರೂ ಭಾನುವಾರ ಅಂತ ನೋಡದೆ ತಾಳ್ಮೆಯಿಂದ ಕೇಳಿಸಿಕೊಂಡು, ನಾಳೆ ಚಿಕ್ಕದನ್ನು ತನ್ನಿ ಅಂದಿದ್ದಾರೆ. ಕಣ್ಣು ಊದುವುದಕ್ಕೆ ಹೆಚ್ಚಾಗಿ ಎ ಜೀವಸತ್ವದ ಕೊರತೆ, ಜೊತೆಗೆ ಹೊಲಸು ನೀರು ಕಾರಣ ಅಂದರು. ನಾಲ್ಕು ವರ್ಷ ಬರೀ ಒಣ ಸೀಗಡಿ ಹಾಕಿದ್ದಾರೆ. ಮರಿಗಳಿಗೆ ಹುಳು-ಮೀನು ಜಾಸ್ತಿ ಬೇಕು, ಬೆಳೆದ ಮೇಲೆ ಸೊಪ್ಪು-ತಪ್ಪಲು ಜಾಸ್ತಿ ಆಗಬೇಕು. ಸಂಜೆ ಗಜ್ಜರಿ ತುರಿದು, ಮೆಂತೆ ಎಲೆ ಹರಿದು ಹಾಕಿದೆ. ದೊಡ್ಡದು ಗಜ್ಜರಿಗೆ ಬಾಯಿ ಹಾಕಿತು. ಮುಂಗಾಲಿನ ಉಗುರಿನಿಂದ ಎಳೆ ಬಿಡಿಸಿಕೊಂಡು, ಕತ್ತು ಚಾಚಿ, ಕಚ್ಚಿ ಹಿಂದಕ್ಕೆಳೆದು ತಿಂದಿತು. ಇದು ಹೆಣ್ಣಿರಬೇಕು, ಉಗುರು ಗಿಡ್ಡ, ಬಾಲವೂ ಸಣ್ಣದು. ಹೆಣ್ಣಾದರೆ ಜೊತೆಗೆ ಗಂಡಿಲ್ಲದಿದ್ದರೂ ಮೊಟ್ಟೆ ಇಡುತ್ತದೆ, ಅಗೆಯಲು ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಕಟ್ಟಿಕೊಂಡು ಜೀವಕ್ಕೆ ಕುತ್ತು. ದೋಣಿಯ ಪಕ್ಕ ಉಸುಕಿನ ಒಂದು ಮಡಿ ಮಾಡಬೇಕು, ಬೆಕ್ಕು-ನಾಯಿ ಬರದಂತೆ ಸುತ್ತ ಜಾಳಿಗೆ ಹಾಕಬೇಕು.

ದೋಣಿಯ ಹಳೆ ನೀರು ಕರಿಬೇವಿನ ಗಿಡಕ್ಕೆ, ಮಲ್ಲಿಗೆ ಬಳ್ಳಿಗೆ ಹೋಗಲಿ ಅಂತ ಅವ್ವ ಆಗಲೇ ಕಾಲುವೆ ತೋಡಿಸಿದ್ದಾಳೆ. ಗೊಬ್ಬರದ ನೀರು, ದಂಡವಾಗುವುದಿಲ್ಲ. ಅಡುಗೆಗೆ ಎಲೆ ಕೀಳುವಾಗ ಚೆನ್ನಾಗಿ ತೊಳೆಯಬೇಕು ಅಂತ ಅವಳಿಗೂ ಹೇಳಿದೆ.

ಖರ್ಚು ಅಣ್ಣನದೇ. ಅದು ಅವನೇ ಹೇಳಿದ ಮಾತು. ಫಿಲ್ಟರಿಗೆ, ಜಾಳಿಗೆಗೆ, ಡಾಕ್ಟರಿಗೆ ದುಡ್ಡು ಕಳಿಸುತ್ತಾನೆ. ಸೊಸೆ ರಜೆ ಮುಗಿಯುವ ತನಕ ದಿನಾ ಬೆಳಗ್ಗೆ ಇಲ್ಲಿಗೆ ಬರುತ್ತಾಳೆ, ಬಿಸಿಲು ಏರುವ ಮೊದಲು. "ಅತ್ತೀ, ಕಣ್ಣ ತಗೀತದೇನ್ ಅದು?" ಅಂತ ಹೋಗುವಾಗ ಕೇಳಿದಳು. ಡಾಕ್ಟರು ನೋಡಲಿ, ಗೊತ್ತಾಗುತ್ತದೆ ಅಂದೆ. ನಾಳೆ ಎಂಟಕ್ಕೆ ಹೋಗಬೇಕು. ಚಿಕ್ಕದನ್ನು ಒಯ್ಯಲು ಅಗಲ ಬಾಯಿಯ ಡಬ್ಬಿ, ಒದ್ದೆ ಬಟ್ಟೆ ತೆಗೆದಿಟ್ಟಿದ್ದೇನೆ, ಮುಚ್ಚಳಕ್ಕೆ ತೂತು ಮಾಡುವುದು ಬಾಕಿ ಇದೆ.