ಮೇಣದ ಮಗು

ಜುಲೈ 16, ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ ಕಾರ್ಮೆಲ್ ಮಾತೆಯ, ಅಂದರೆ ಯೇಸುವಿನ ತಾಯಿ ಮೇರಿಯ ಹಬ್ಬ. ಕಳೆದ ಸಲ ನಮ್ಮ ಪಕ್ಕದ ಮನೆಯ ಇಟಲಿ ಅಜ್ಜಿ ನನ್ನನ್ನೂ ಕರೆದುಕೊಂಡು ಹೋಗಿದ್ದರು. 115ನೇ ಬೀದಿಯ ಚರ್ಚಿನ ಮುಂದೆ ಕಾರಿನಿಂದ ಇಳಿದವರೇ ಒಂದು ಚಪ್ಪಲಿ ಬಿಟ್ಟು ಡಾಂಬರಿನ ಮೇಲೆ ಕಾಲಿಟ್ಟು ನೋಡಿದರು. ಸುಡುತ್ತಿತ್ತು. "ಅಮ್ಮ ಇದರ ಮೇಲೆ ಬರಿಗಾಲಲ್ಲಿ ನಡೀತಿದ್ದಳು" ಅಂದರು.

ಈ ಹಬ್ಬ ಶುರು ಮಾಡಿದವರು 1880ರ ದಶಕದಲ್ಲಿ ಇಟಲಿಯ ಪೊಲ್ಲಾ ಊರಿನಿಂದ ಬಂದ ಬಡ ಜನ. 1884ರಲ್ಲಿ ಚರ್ಚ್ ಎದ್ದಿತು. ಆದರೂ ಇಟಲಿಯವರಿಗೆ ಬಹಳ ವರ್ಷ ಸಿಕ್ಕಿದ್ದು ಕೆಳಗಿನ ನೆಲಮಾಳಿಗೆ ಮಾತ್ರ. ಮಾತೆಯೂ ಅವರ ಜೊತೆ ಅಲ್ಲೇ ಇದ್ದಳು. ಇದನ್ನು ಕೇಳಿದಾಗಿನಿಂದ ಅವಳು ನನಗೂ ಅಮ್ಮನೇ ಅನಿಸಿದ್ದಾಳೆ.

ಅಜ್ಜಿ ಚಿಕ್ಕವರಿದ್ದಾಗ ಹಬ್ಬದ ಬೀದಿಯಲ್ಲಿ ಮೇಣದ ಕೈ, ಕಾಲು, ತಲೆ ಮಾರುತ್ತಿದ್ದರು. ಎಲ್ಲಿ ನೋವೋ ಆ ಅಂಗ ಕೊಂಡು ಮಾತೆಗೆ ಒಪ್ಪಿಸುವುದು. ನಾವು ದೇವರಿಗೆ ಬೆಳ್ಳಿ ಕಣ್ಣು ಹಾಕ್ತೀವಲ್ಲ, ಹಾಗೆ. ಅಜ್ಜಿಯ ಅಮ್ಮ ಮಾತ್ರ ಪ್ರತಿ ವರ್ಷ ಮೇಣದ ಮಗುವನ್ನೇ ಕೊಳ್ಳುತ್ತಿದ್ದರಂತೆ. ಬಿಸಿಲಿಗೆ ಮೆತ್ತಗಾಗದಿರಲಿ ಅಂತ ಒದ್ದೆ ಕರವಸ್ತ್ರದಲ್ಲಿ ಸುತ್ತಿ ಎತ್ತಿಕೊಂಡು ನಡೆಯುತ್ತಿದ್ದರು. ಒಂದ್ಸಲ ಅಜ್ಜಿ, ಆಗ ಆರು ವರ್ಷ, "ನಾನು ಹಿಡ್ಕೋತೀನಿ" ಅಂದರೆ ಕೊಡಲಿಲ್ಲ. ಹರಕೆ ನಮ್ಮ ಸಲುವಾಗಿಯೇ ಅಂತ ಮಕ್ಕಳೆಲ್ಲ ಅಂದುಕೊಂಡಿದ್ದರು.

ಆ ಅಮ್ಮ ತೀರಿಕೊಂಡ ಮೇಲೆ ಪೆಟ್ಟಿಗೆಯ ತಳದಲ್ಲಿ ಒಂದು ಜ್ಞಾನಸ್ನಾನದ, ಅಂದರೆ ಮಗುವನ್ನು ಚರ್ಚಿಗೆ ಸೇರಿಸುವ ಶಾಸ್ತ್ರದ ಚೀಟಿ ಸಿಕ್ಕಿತು. ಹೆಣ್ಣು ಮಗು. ಹಡಗು ಹತ್ತುವ ಮೊದಲೇ ಊರಲ್ಲಿ ಹುಟ್ಟಿ, ಊರಲ್ಲೇ ಮಣ್ಣಾದ ಚೊಚ್ಚಲು. ಚೀಟಿಯಲ್ಲಿದ್ದ ಹೆಸರು ಅಜ್ಜಿಯದೇ! ಹೋದ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ಅವರಲ್ಲಿ ರೂಢಿ. ಅಪ್ಪ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಅಜ್ಜಿಯ ಅಣ್ಣ ಎಷ್ಟೋ ವರ್ಷ ಸಿಟ್ಟಾಗಿದ್ದರಂತೆ, ನಮಗ್ಯಾಕೆ ಹೇಳಲಿಲ್ಲ ಅಂತ.

ನನಗೆ ನಮ್ಮಜ್ಜಿಯ ಮುಡಿಪು ನೆನಪಾಯಿತು. ದೇವರ ಗೂಡಿನಲ್ಲಿ ಅರಿಶಿನದ ಬಟ್ಟೆಯ ಪುಟ್ಟ ಗಂಟು. ಯಾಕೆ ಕಟ್ಟಿದ್ದು ಅಂತ ಅವರು ಹೇಳಲೇ ಇಲ್ಲ. ನಾವ್ಯಾರೂ ಬಿಚ್ಚಲೂ ಇಲ್ಲ. ಕೆಲವು ಸಂಕಟ ಮಕ್ಕಳ ಮುಂದೆ ಹೇಳೋಕಾಗಲ್ಲ, ದೇವರ ಮುಂದೆ ಮಾತ್ರ ಆಗುತ್ತೆ. ಅದನ್ನು ಮೋಸ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಈಗ ಆ ಹಬ್ಬಕ್ಕೆ ಹೈಟಿ ದೇಶದವರು ಜಾಸ್ತಿ ಬರುತ್ತಾರೆ. ನಮ್ಮ ಮುಂದೆಯೇ ಒಂದು ಗುಂಪು ಹಾಡುತ್ತಿತ್ತು. ಮಾತೆಯ ಮೆರವಣಿಗೆ ಹೊರಟಿತು. ಅಜ್ಜಿ ಬಗ್ಗಿ ಎರಡೂ ಚಪ್ಪಲಿ ತೆಗೆದು ನನ್ನ ಕೈಗೆ ಕೊಟ್ಟರು.

"ಆ ತಿರುವಿನ ತನಕ ಸಾಕು" ಅಂದರು.